ಹುಣಸೆಮರದ ತನಕ ಟ್ರಯಲ್

ಔಡಲೆಣ್ಣೆ, ಕೆಲವರು ಹರಳೆಣ್ಣೆ ಅನ್ನುತ್ತಾರೆ, ಸುಟ್ಟರೆ ಒಂದು ವಾಸನೆ ಬರುತ್ತದೆ. ಅರ್ಧ ಸಿಹಿ, ಅರ್ಧ ಕಮಟು. ಬೇರೆಯವರಿಗೆ ಅದರಿಂದ ಬಾಣಂತಿಯ ಕೋಣೆಯೋ, ಎಳೆಗೂಸಿನ ನೆತ್ತಿಯೋ ನೆನಪಾಗಬೇಕು. ನನಗೆ ಮಾತ್ರ ಮೋಟಾರ್ ಸೈಕಲ್ ನೆನಪಾಗುತ್ತದೆ. ಹೋದ ಆದಿತ್ಯವಾರ ಬೆಳಿಗ್ಗೆ ಕೊಟ್ಟೂರಿನ ಹೊರಗೆ, ಹಗರಿಬೊಮ್ಮನಹಳ್ಳಿ ರಸ್ತೆಯ ಚಹಾದಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ಇಳಿಯುತ್ತಿದ್ದೆ. ಆ ವಾಸನೆ ಬಂತು. ತಿರುಗಿ ನೋಡಿದರೆ ಹತ್ತು ಹನ್ನೆರಡು ಮೋಟಾರ್ ಸೈಕಲ್‌ಗಳು ಸಾಲಾಗಿ ನಿಂತಿದ್ದವು. ಅವುಗಳ ನಡುವೆ ಹಳೆಯ ಕಾಲದ, ಎರಡು ಸೈಲೆನ್ಸರಿನ ಕೆಂಪು ಗಾಡಿಯೊಂದು ನಿಂತಲ್ಲೇ ನೀಲಿ ಹೊಗೆ ಬಿಡುತ್ತಿತ್ತು.

ಸುತ್ತ ನಿಂತವರೆಲ್ಲ ಮೂವತ್ತರ ಆಸುಪಾಸಿನವರು. ನಮ್ಮ ಈ ಬಿಸಿಲಿನಲ್ಲೂ ಮೈತುಂಬ ಜಾಕೀಟು ಹಾಕಿಕೊಂಡು, ಯಾವುದು ಎಷ್ಟು ಓಡುತ್ತದೆ, ಯಾವುದರ ಬ್ರೇಕು ಹೇಗೆ ಹಿಡಿಯುತ್ತದೆ ಎಂದು ವಾದ ಮಾಡುತ್ತಿದ್ದರು. "ಹಳೇ ಗಾಡಿ ಅಂದ್ರ ಗಾಡಿ ಬಿಡ್ರಿ, ಈಗಿನವು ಬರೇ ಪ್ಲಾಸ್ಟಿಕ್" ಎಂದು ಒಬ್ಬ ಹೇಳಿದ. ನನಗೆ ನಗು ಬಂತು. ಅದೇ ರಸ್ತೆಯಲ್ಲಿ ನಲವತ್ತು ವರ್ಷದ ಹಿಂದೆಯೂ ಇದೇ ಮಾತು ಕೇಳಿದ್ದೆ. ಆಗ ಪ್ಲಾಸ್ಟಿಕ್ ಅನ್ನುವ ಜಾಗದಲ್ಲಿ ತಗಡು ಅನ್ನುತ್ತಿದ್ದರು, ಅಷ್ಟೇ.

ಆ ಮಾತು ಕೇಳಿದ್ದು ಮೇಸ್ತ್ರಿ ಚಾಚಾನ ಗ್ಯಾರೇಜಿನಲ್ಲಿ. ಗ್ಯಾರೇಜು ಎಂದರೆ ನಾಲ್ಕು ತಗಡು, ಒಂದು ಬೇವಿನ ಮರ, ಮರದ ಕೆಳಗೊಂದು ಬೆಂಚು. ಗಾಡಿ ರಿಪೇರಿಗೆ ಬಿಟ್ಟವರು, ಬಿಡದವರು, ಗಾಡಿಯೇ ಇಲ್ಲದವರು ಎಲ್ಲರೂ ಮಧ್ಯಾಹ್ನ ಆ ಬೆಂಚಿನ ಮೇಲೆ ಕೂತು ಯಾವ ಗಾಡಿ ಹೆಚ್ಚು ಎಂದು ಜಗಳವಾಡುತ್ತಿದ್ದರು. ಪೋಸ್ಟ್ ಮಾಸ್ತರರದು ಗುಡುಗುಡು ಅನ್ನುವ ಕರಿ ಗಾಡಿ. ಬಟ್ಟೆ ಅಂಗಡಿಯವರದು ಎರಡು ಸೈಲೆನ್ಸರಿನದು. ಒಬ್ಬರ ಗಾಡಿಯನ್ನು ಇನ್ನೊಬ್ಬರು ಬೈಯದ ದಿನವಿಲ್ಲ. ಚಾಚಾ ಯಾರ ಪಕ್ಷವನ್ನೂ ಹಿಡಿಯುತ್ತಿರಲಿಲ್ಲ. ಇಬ್ಬರ ಗಾಡಿಯ ಹೊಟ್ಟೆಯೊಳಗೂ ಕೈ ಹಾಕಿದ್ದವರು ಅವರು, ಇಬ್ಬರ ಗುಟ್ಟೂ ಅವರಿಗೆ ಗೊತ್ತಿತ್ತು.

ಅವರಿಗೆ ಸ್ವಂತ ಗಾಡಿ ಇರಲಿಲ್ಲ. ಗಿರಾಕಿಯ ಗಾಡಿಯನ್ನು ಟ್ರಯಲ್ ನೋಡಲು ಊರ ಹೊರಗಿನ ಹುಣಸೆಮರದ ತನಕ ಹೋಗಿ ವಾಪಸಾಗುವುದು ಅವರ ಕಟ್ಟಳೆ. ಮರ ದಾಟಿ ಒಂದು ಗಜವೂ ಹೋಗುತ್ತಿರಲಿಲ್ಲ. ಯಜಮಾನ ಜೊತೆಗಿಲ್ಲದೆ ಅವನ ಗಾಡಿಯಲ್ಲಿ ದೂರ ಹೋದರೆ ಅದು ಕಳ್ಳತನ ಎಂದೇ ಅವರ ಲೆಕ್ಕ. ಹಡಗಲಿಯಲ್ಲಿ ಅವರ ಅಕ್ಕ ಇದ್ದರು, ಆಪಾ ಅನ್ನುತ್ತಿದ್ದರು. ಚಿಕ್ಕಂದಿನಲ್ಲಿ ತಾಯಿ ಹೋದ ಮೇಲೆ ಇವರನ್ನು ಸಾಕಿದವರು. ಆಕೆಗೆ ಕಣ್ಣು ಮಂಜಾಗಿ ಮನೆ ಬಿಟ್ಟು ಹೊರಡಲಾಗುತ್ತಿರಲಿಲ್ಲ. ಇವರಿಗೋ ಬಸ್ಸು ಆಗುತ್ತಿರಲಿಲ್ಲ. ದಿನವಿಡೀ ಪೆಟ್ರೋಲು ಕುಡಿದಂತೆ ಬದುಕುವ ಮನುಷ್ಯ ಬಸ್ಸು ಹತ್ತಿದರೆ ವಾಂತಿ. ಒಮ್ಮೆ ಹಠ ಹಿಡಿದು ಹತ್ತಿದವರನ್ನು ಕಂಡಕ್ಟರು ಅರ್ಧ ದಾರಿಯಲ್ಲೇ ಇಳಿಸಿದ್ದನಂತೆ. ಕೊಟ್ಟೂರಿಗೆ ರೈಲೇನೋ ಇತ್ತು, ಅದು ಹಡಗಲಿಗೆ ಹೋಗುತ್ತಿರಲಿಲ್ಲ. ಹಾಗಾಗಿ ಅಕ್ಕ ತಮ್ಮ ಮುಖ ನೋಡಿ ಏಳೆಂಟು ವರ್ಷವಾಗಿತ್ತು.

ನಾನು ಆ ಗ್ಯಾರೇಜಿಗೆ ಹೋದದ್ದು ಹಟಕ್ಕೆ ಬಿದ್ದು. ಎಂಬತ್ತರ ಆಚೀಚೆ, ಕೋಗಳಿಯಿಂದಾಚೆಗಿನ ಒಂದು ಹಳ್ಳಿಯ ಶಾಲೆಗೆ ನನಗೆ ಹೊಸದಾಗಿ ನೌಕರಿಯಾಗಿತ್ತು. ಬಸ್ಸು ಮುಟ್ಟುವುದೇ ಹನ್ನೊಂದಕ್ಕೆ. ಹೆಡ್ ಮಾಸ್ತರರು ದಿನಾ ನನ್ನ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುತ್ತಿದ್ದರು. ನೌಕರಿ ಕಾಯಂ ಆಗುವ ಮುಂಚೆಯೇ ಹೋಗುವ ಲಕ್ಷಣ ಕಾಣುತ್ತಿತ್ತು. ನಮ್ಮ ಹಿತ್ತಲಲ್ಲಿ ಅಣ್ಣ ಕೊಂಡು ಬಿಟ್ಟುಹೋದ ಎರಡು ಸೈಲೆನ್ಸರಿನ ಗಾಡಿಯೊಂದು ಗೋಣಿತಾಟಿನ ಕೆಳಗೆ ಮಲಗಿತ್ತು. ಅದರ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ಒಂದು ದಿನ ಕೋಳಿಯನ್ನು ಎಬ್ಬಿಸಿ, ಗಾಡಿಯನ್ನು ನೂಕಿಕೊಂಡು ಹೋದೆ.

"ಯಾರು ಓಡಸೋರು?" ಎಂದು ಚಾಚಾ ಕೇಳಿದರು.

"ನಾನ ರೀ" ಅಂದೆ.

ಪೋಸ್ಟ್ ಮಾಸ್ತರರು ಬೀಡಿ ಹಚ್ಚಿಕೊಳ್ಳುವುದನ್ನು ಮರೆತು ಕಡ್ಡಿಯಿಂದ ಬೆರಳು ಸುಟ್ಟುಕೊಂಡರು. ಚಾಚಾ ಮಾತ್ರ ಬಟ್ಟೆಯಿಂದ ಕೈ ಒರೆಸಿಕೊಂಡು ಗಾಡಿಯ ಹಿಂದಿನ ಗಾಲಿಯನ್ನು ನೋಡಿದರು, ನನ್ನ ಸೀರೆಯನ್ನು ನೋಡಿದರು.

"ಸೆರಗು ಸಿಗದಂಗ ಒಂದು ಗಾರ್ಡ್ ಹಾಕಬೇಕಾಗ್ತೈತಿ, ಅಕ್ಕೋರ" ಅಂದರು.

ಅಷ್ಟೇ. ಹೆಣ್ಣುಮಗಳು, ಸೀರೆ, ಮಂದಿ ಏನಂತಾರ... ಒಂದೂ ಇಲ್ಲ. ಎತ್ತಿನ ಗಾಡಿಯ ಹಳೆಯ ಕಬ್ಬಿಣದ ಪಟ್ಟಿ ಬಗ್ಗಿಸಿ ಗಾರ್ಡ್ ಮಾಡಿದರು. ಸಂತೆ ಇಲ್ಲದ ದಿನ ಸಂತೆ ಮೈದಾನದಲ್ಲಿ ಓಡಿಸಲು ಕಲಿಸಿದರು. ಆ ಗಾಡಿಯ ಮಜಾ ಎಂದರೆ ಕಿಕ್ಕು, ಗೇರು ಎರಡಕ್ಕೂ ಒಂದೇ ಸಲಾಕೆ. ಒಳಗೆ ಒತ್ತಿ ಮೇಲೆತ್ತಿದರೆ ಕಿಕ್ಕು, ಕೆಳಗೆ ತಂದರೆ ಗೇರು. ನನಗೆ ಇದು ಒಗ್ಗಲು ಒಂದು ವಾರ ಬೇಕಾಯಿತು, ಎರಡು ಸಲ ಬಿದ್ದೆ. ಬಿದ್ದಾಗ ಚಾಚಾ ಮೊದಲು ಗಾಡಿಯನ್ನು ಎತ್ತುತ್ತಿದ್ದರು. ನನಗೆ ಸಿಟ್ಟು ಬಂದು ಕೇಳಿದರೆ, "ನಿಮಗ ಎದ್ದೇಳಾಕ ಬರ್ತೈತಲ್ರಿ, ಅದಕ್ಕ ಬರಂಗಿಲ್ಲ" ಅಂದರು.

ಅವರು ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ ಮಾತು. ಈ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಎಣ್ಣೆಯಿಲ್ಲದೆ ಒಣ ಪೆಟ್ರೋಲಿನಲ್ಲಿ ಓಡಿಸಿದರೆ ಎಂಜಿನ್ನು ಹಿಡಿದುಕೊಂಡು ನಿಂತುಬಿಡುತ್ತದೆ. "ನೀವು ಉಪಾಸ ಇರ್ರಿ ಬೇಕಾರ, ಅದನ್ನ ಎಣ್ಣಿ ಇಲ್ದ ಓಡಿಸಬ್ಯಾಡ್ರಿ" ಅನ್ನುತ್ತಿದ್ದರು.

ನಾಲ್ಕು ತಿಂಗಳು ಕೆಂಪು ಗೆರೆ ಬೀಳಲಿಲ್ಲ. ಆಮೇಲೆ ಇನ್‌ಸ್ಪೆಕ್ಟರು ಬರುವ ದಿನ ಬಂತು. ಅವತ್ತು ತಡವಾದರೆ ನೌಕರಿ ಕಾಯಂ ಆಗುವ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆ ಬೆಳಿಗ್ಗೆಯೇ ಬಂಕಿನಲ್ಲಿ ಎಣ್ಣೆ ಖಾಲಿ. ಚಾಚಾ ಯಾರದೋ ಮದುವೆಗೆ ಹೋಗಿ ಗ್ಯಾರೇಜಿಗೆ ಬೀಗ. ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತೆ. ಎದುರಿಗೆ ಗೂಡಿನಲ್ಲಿ ಅವ್ವ ಕಾಸಿ ಇಟ್ಟ ಔಡಲೆಣ್ಣೆಯ ಸೀಸೆ. ದಪ್ಪಗಿದೆ, ಜಾರುತ್ತದೆ, ಎಣ್ಣೆಯೂ ಹೌದು... ಇನ್ನೇನು ಬೇಕು? ಸುರಿದೆ. ಕೂಡಿಕೊಳ್ಳಲಿ ಎಂದು ಹ್ಯಾಂಡಲ್ ಹಿಡಿದು ಗಾಡಿಯನ್ನು ತೊಟ್ಟಿಲಿನಂತೆ ತೂಗಿದೆ. ಅವ್ವ ಬಾಗಿಲಲ್ಲಿ ನಿಂತು ನನಗೆ ತಲೆ ಕೆಟ್ಟಿತೆಂದೇ ತಿಳಿದಳು.

ಕೋಗಳಿ ದಾಟುವಷ್ಟರಲ್ಲಿ ಹಿಂದೆ ರಸ್ತೆಯೇ ಕಾಣದಷ್ಟು ಬಿಳಿ ಹೊಗೆ. ಪ್ರಾರ್ಥನೆಯ ಗಂಟೆಗೆ ಐದು ನಿಮಿಷ ಮುಂಚೆ ಶಾಲೆಯ ಅಂಗಳದಲ್ಲಿದ್ದೆ. ಆಮೇಲೆ ಬಂದ ಇನ್‌ಸ್ಪೆಕ್ಟರು ಮೂಗೆಳೆದುಕೊಂಡು, "ಇಲ್ಲಿ ಹತ್ತರದಾಗ ಯಾರ ಮನ್ಯಾಗರ ಬಾಣಂತಿ ಅದಾಳೇನ್ರಿ?" ಎಂದು ಹೆಡ್ ಮಾಸ್ತರರನ್ನು ಕೇಳಿದರು. ನಾನು ಬೋರ್ಡಿನ ಕಡೆ ತಿರುಗಿ ತಾರೀಖು ಬರೆಯತೊಡಗಿದೆ.

ಮರುದಿನ ಗಾಡಿ ಕೆಮ್ಮತೊಡಗಿತು. ಗ್ಯಾರೇಜಿಗೆ ಹೋಗಿ ನಿಜ ಹೇಳಿದೆ. ಬೆಂಚು ಬಿದ್ದು ಬಿದ್ದು ನಕ್ಕಿತು. "ಔಡಲೆಣ್ಣಿ ಕುಡಿಸೀರಂದ್ರ ಇವತ್ತೊಂದು ದಿನ ಬಯಲ ಕಡಿ ಬಿಡ್ರಿ ಅದನ್ನ, ಹೊಟ್ಟಿ ಸಾಫಾಗ್ಲಿ" ಅಂದರು ಬಟ್ಟೆ ಅಂಗಡಿಯವರು. ಚಾಚಾ ನಗಲಿಲ್ಲ. ಎಂಜಿನ್ನು ಬಿಚ್ಚಿ ಪಿಸ್ಟನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅದರ ಮೈಗೆಲ್ಲ ಬೆಲ್ಲದ ಪಾಕದಂತೆ ಅಂಟು ಹಿಡಿದಿತ್ತು. ಒಂದು ಗೀರೂ ಬಿದ್ದಿರಲಿಲ್ಲ. ಸೀಮೆಎಣ್ಣೆ, ಮುರಿದ ಗರಗಸದ ಚೂರು ನನ್ನ ಕೈಗೆ ಕೊಟ್ಟು, "ಅಂಟಿಸಿದೋರು ನೀವು, ತೆಗೆಯೋರೂ ನೀವ" ಅಂದರು. ಮಧ್ಯಾಹ್ನವೆಲ್ಲ ಕೂತು ಕೆರೆದೆ. ಎಂಜಿನ್ನಿನ ಒಳಗು ನನಗೆ ಗೊತ್ತಾದದ್ದು ಅವತ್ತು.

ಕೊನೆಗೆ ಎಲ್ಲ ಜೋಡಿಸಿ ಹುಣಸೆಮರದ ತನಕ ಟ್ರಯಲ್ ಹೋಗಿ ಬಂದು, ಗಾಡಿ ಸ್ಟ್ಯಾಂಡಿಗೆ ಹಾಕಿ, ಬೆಂಚಿನವರಿಗೆ ಕೇಳಿಸದಂತೆ ಮೆಲ್ಲಗೆ ಹೇಳಿದರು:

"ತಪ್ಪು ಮಾಡೀರಿ. ಆದ್ರ ಒಣಾ ಓಡಿಸ್ಲಿಲ್ಲ ನೋಡ್ರಿ. ಅದರ ಜೀವದ ಮ್ಯಾಲೆ ನಿಮಗ ಕಾಳಜಿ ಐತಿ. ನಿಮ್ಮ ಹಿಂದ ಕೂತು ಎಲ್ಲಿಗೆ ಬೇಕಾದ್ರೂ ಹೋಗಬಹುದು. ಒಂದು ಆದಿತ್ಯವಾರ ನನ್ನ ಹಡಗಲಿಗೆ ಕರ್ಕೊಂಡು ಹೋಗ್ತೀರೇನು? ಆಪಾನ್ನ ನೋಡಿ ಬರೂಣು."

ಹೂಂ ಅಂದೆ. ಮನಸಾರೆ ಅಂದೆ. ನನ್ನ ನೌಕರಿ ಉಳಿದದ್ದು ಆ ಮನುಷ್ಯನಿಂದ. ಅವರು ಕೇಳಿದ್ದು ಒಂದು ದಿನದ ದಾರಿ.

ಮನೆಯಲ್ಲಿ ಹೇಳಿದರೆ ಅವ್ವ ಒಲೆಯ ಮುಂದಿನಿಂದ ಏಳಲೂ ಇಲ್ಲ. "ನೀ ಗಾಡಿ ಹೊಡಿಯೋದ ಊರಿಗೆಲ್ಲ ಮಾತಾಗೈತಿ. ಇನ್ನ ಮೇಸ್ತ್ರಿನ್ನ ಹಿಂದ ಕೂಡಿಸ್ಕೊಂಡು ಊರೂರು ತಿರುಗು. ಯಾರು ಮಾಡ್ಕೊಂತಾರ ನಿನ್ನ?" ಅಂದಳು. ಅವಳನ್ನು ಬೈದು ಏನು ಉಪಯೋಗ? ಅಳುಕು ನನ್ನೊಳಗೂ ಇತ್ತು. ಮುಂದಿನ ವಾರ ಹೋಗೋಣ ಚಾಚಾ ಅಂದೆ. ಆ ಮೇಲಿನ ವಾರ ಮಳೆ ಅಂದೆ, ಪರೀಕ್ಷೆ ಅಂದೆ, ತಲೆನೋವು ಅಂದೆ. ಅವರು ಒಮ್ಮೆಯೂ ಯಾಕೆ ಅನ್ನಲಿಲ್ಲ. ಉಜ್ಜಿನಿಯ ಜಾತ್ರೆಗೆ ನಾನೊಬ್ಬಳೇ ಗಾಡಿಯಲ್ಲಿ ಹೋಗಿ ಬಂದದ್ದು ಅವರಿಗೆ ಗೊತ್ತಾದಾಗಲೂ, "ಚೈನ್ ಸಡ್ಲಾಗಿಲ್ಲಲ್ಲ?" ಎಂದಷ್ಟೇ ಕೇಳಿದರು. ಈಗ ನೆನೆದರೆ ನಾಚಿಕೆಯಾಗುತ್ತದೆ. ಗಾಡಿ ಓಡಿಸುವ ಹೆಣ್ಣೆಂದು ಊರೆಲ್ಲ ನನ್ನನ್ನು ಗಟ್ಟಿಗಿತ್ತಿ ಅನ್ನುತ್ತಿತ್ತು, ಅಷ್ಟು ಧೈರ್ಯ ಮಾತ್ರ ನನಗಿರಲಿಲ್ಲ.

ಕೆಲವು ವರ್ಷಗಳ ಮೇಲೆ ವರ್ಗವಾಯಿತು. ಎಲ್ಲಿಗೆ ಅಂದರೆ, ಹಡಗಲಿಗೇ. ಹೊರಡುವ ದಿನ ಟ್ರಂಕನ್ನು ಹಿಂದಿನ ಸೀಟಿಗೆ ಹಗ್ಗ ಹಾಕಿ ಬಿಗಿದವರು ಚಾಚಾ. ಎರಡು ಸಲ ಎಳೆದು ನೋಡಿ, ಗಂಟು ಹಾಕಿದರು.

"ಅಲ್ಲಿ ಮನಿ ಹಿಡಿದ ಮ್ಯಾಲೆ ಒಂದು ಆದಿತ್ಯವಾರ ಬಂದು ಕರ್ಕೊಂಡು ಹೋಗ್ತೀನಿ, ಚಾಚಾ" ಅಂದೆ.

"ಆತು. ಮೊದ್ಲು ನೀವು ಮುಟ್ರಿ" ಅಂದರು. ಹುಣಸೆಮರ ದಾಟುವಾಗ ಕನ್ನಡಿಯಲ್ಲಿ ನೋಡಿದರೆ ಟ್ರಂಕು ಅಡ್ಡವಿತ್ತು...

ಹಡಗಲಿಯಲ್ಲಿ ಆಪಾನ ಮನೆ ಹುಡುಕಿಕೊಂಡು ಹೋದೆ. ಓಣಿಯಲ್ಲಿ ಗಾಡಿಯ ಸದ್ದು ಕೇಳಿ ಆಕೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು. "ಬಂದ್ಯೇನಪಾ?" ಅಂದರು. ಗಾಡಿಯೆಂದರೆ ತಮ್ಮನೇ ಇರಬೇಕೆಂದು ಅವರ ನಂಬಿಕೆ. ಗಾಡಿ ನಿಲ್ಲಿಸಿ ಅವರ ಕೈ ಹಿಡಿದುಕೊಂಡೆ. ನನ್ನ ಬಳೆ ಮುಟ್ಟಿ ನೋಡಿ, ತಮ್ಮನಲ್ಲ ಎಂದು ತಿಳಿದುಕೊಂಡರು. ಆಮೇಲೆ ನನಗೆ ಚಹಾ ಮಾಡಿಸಿ ಕೊಟ್ಟರು, ಒಂದು ಮೊಳ ಮಲ್ಲಿಗೆಯನ್ನೂ ಕೊಟ್ಟರು. ಬರುವ ಆದಿತ್ಯವಾರ ಕರೆತರುತ್ತೇನೆಂದು ಆಣೆ ಮಾಡಿ ಬಂದೆ.

ಆ ಆದಿತ್ಯವಾರಕ್ಕೆ ಮುಂಚೆಯೇ ಕೊಟ್ಟೂರಿನ ಬಸ್ಸಿನ ಕಂಡಕ್ಟರು ಸುದ್ದಿ ತಂದ. ಚಾಚಾ ಗ್ಯಾರೇಜಿನಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರಂತೆ. ಅದನ್ನು ಆಪಾಗೆ ಹೇಳಿದವಳೂ ನಾನೇ. ಅವತ್ತು ಗಾಡಿಯನ್ನು ಓಣಿಯ ಹೊರಗೇ ನಿಲ್ಲಿಸಿ ನಡೆದುಕೊಂಡು ಹೋದೆ.

ಆಪಾ ಹೋಗಿ ಮೂವತ್ತು ವರ್ಷವಾಗಿರಬಹುದು. ನನ್ನ ಗಾಡಿಯನ್ನೂ ಯಾರಿಗೋ ಕೊಟ್ಟೆ. ಮದುವೆ, ಮಕ್ಕಳು, ಊರೂರು ವರ್ಗ ಎಲ್ಲ ಮುಗಿದು, ನಿವೃತ್ತಿಯಾಗಿ ಮತ್ತೆ ಕೊಟ್ಟೂರಿಗೇ ಬಂದು ನೆಲೆಸಿದ್ದೇನೆ.

ಹೋದ ಆದಿತ್ಯವಾರ ಆ ಕೆಂಪು ಗಾಡಿಯ ಹತ್ತಿರ ಹೋಗಿ, "ಇದಕ್ಕೇನು ಎಣ್ಣಿ ಹಾಕೀರಿ?" ಎಂದು ಕೇಳಿದೆ. ಗಾಡಿಯ ಯಜಮಾನ ಹರಪನಹಳ್ಳಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗ. ಬಹಳ ಹುರುಪಿನಿಂದ ಹೇಳಿದ, ಇದು ರೇಸಿನವರು ಹಾಕುವ ಎಣ್ಣೆಯಂತೆ, ಔಡಲ ಬೀಜದಿಂದ ಮಾಡಿದ್ದಂತೆ, ಹೊರದೇಶದಿಂದ ತರಿಸುತ್ತಾನಂತೆ. "ಬರೇ ಈ ವಾಸನೆಗೋಸ್ಕರ ಹಾಕ್ತೀವಿ ಮೇಡಂ" ಅಂದ. ನಾನು ನಗಲಿಕ್ಕೆ ಶುರು ಮಾಡಿದವಳು ಕಣ್ಣಲ್ಲಿ ನೀರು ಬರುವ ತನಕ ನಿಲ್ಲಿಸಲಿಲ್ಲ. ಬೆಂಚಿನವರು ಯಾರಾದರೂ ಬದುಕಿದ್ದರೆ ಕರೆದು ತೋರಿಸುತ್ತಿದ್ದೆ.

"ನಿಮಗ ಓಡ್ಸಾಕ ಬರ್ತೈತೇನ್ರಿ?" ಎಂದು ಅವನು ತಮಾಷೆಗೆ ಕೇಳಿದ. ನಾನು ಗಾಡಿ ಬಂದ್ ಮಾಡಿದೆ. ಸೀರೆ ಎತ್ತಿ ಸಿಗಿಸಿಕೊಂಡು ಹತ್ತಿ ಕೂತೆ. ಮಂಡಿ ಲಟಕ್ಕೆಂದಿತು. ಸಲಾಕೆಯನ್ನು ಒಳಗೆ ಒತ್ತಿ ಮೇಲೆತ್ತಿ ಒದ್ದೆ. ಮೂರನೆಯ ಒದೆತಕ್ಕೆ ಹಿಡಿಯಿತು. ಜಾಕೀಟಿನವರೆಲ್ಲ ಮೊಬೈಲು ಎತ್ತಿ ಹಿಡಿದರು.

"ಒಂದು ರೌಂಡ್ ಹೋಗಿ ಬರ್ರಿ ಮೇಡಂ, ಅಗೋ, ಆ ಟವರ್ ತನಕ" ಅಂದ ಹುಡುಗ. ಹುಣಸೆಮರವಿದ್ದ ಜಾಗದಲ್ಲಿ ಈಗ ಮೊಬೈಲ್ ಟವರ್ ನಿಂತಿದೆ.

"ನೀವೂ ಹತ್ರಿ" ಅಂದೆ. "ಯಜಮಾನ್ರು ಇಲ್ದ ಅದನ್ನ ದಾಟಿ ಹೋಗಂಗಿಲ್ಲ ನಾವು."

"ದಾಟಿ ಎಲ್ಲಿಗೆ ಹೋಗ್ತೀರಿ?"

"ಹಡಗಲಿಗೆ."

ಅವನು ಗೆಳೆಯರ ಮುಖ ನೋಡಿದ, ನನ್ನ ಬಿಳಿ ತಲೆ ನೋಡಿದ. ಆಮೇಲೆ ಹೆಲ್ಮೆಟ್ ಒಂದನ್ನು ನನ್ನ ಕೈಗಿಟ್ಟು, ಬಂದು ಹಿಂದೆ ಕೂತ. ಟವರ್ ಹತ್ತಿರ ಬಂದಾಗ ಕೈ ತಾನಾಗಿಯೇ ಸಡಿಲಾಯಿತು, ಟ್ರಯಲ್ ಮುಗಿಯುವ ಜಾಗವಲ್ಲವೇ... ಮತ್ತೆ ಆಕ್ಸಿಲರೇಟರ್ ಬಿಗಿ ಹಿಡಿದು ತಿರುಗಿಸಿ ಟವರ್ ದಾಟಿದೆ. ಹಿಂದೆ ಕೂತವರು ಚಾಚಾ ಅಲ್ಲ, ಅದು ನನಗೆ ಗೊತ್ತಿತ್ತು. ಆದರೂ ಹಡಗಲಿ ಮುಟ್ಟುವ ತನಕ ಗುಂಡಿ ಬಂದಲ್ಲೆಲ್ಲ ನಿಧಾನ ಮಾಡಿದೆ.