ಕೌಂಟರ್ ಅಕ್ಕ ಕೊಟ್ಟ ಧೈರ್ಯ

ವಿಮಾನ ನಿಲ್ದಾಣದಲ್ಲಿ ಟಿಕೆಟ್ ನೋಡಿ ಸಾಮಾನು ತೂಗುತ್ತಿದ್ದ ಆಕೆಯನ್ನು ಎಲ್ಲರೂ ಕೌಂಟರ್ ಅಕ್ಕ ಎನ್ನುತ್ತಿದ್ದರು. ಮಾತು ಕಡಿಮೆ, ಕೈ ಚುರುಕು. ಸ್ವಂತ ಅಮ್ಮ ಬಂದರೂ ಪೆಟ್ಟಿಗೆ ಬಿಚ್ಚಿಸಿಯೇ ಬಿಡುವವಳು ಎಂದು ಜೊತೆಯವರು ನಗುತ್ತಿದ್ದರು. ಕೆಲವು ವರ್ಷಗಳ ಹಿಂದೆ ಆಕೆಯ ತಮ್ಮ ಹತ್ತಿದ್ದ ವಿಮಾನದಲ್ಲಿ ಯಾರೋ ಬಾಂಬ್ ಇಟ್ಟಿದ್ದರು. ಮನೆಗೆ ಬಂದದ್ದು ಅವನ ಒಂದು ಬೂಟು ಮಾತ್ರ.

ಹಾಗಾಗಿ ಪ್ರಯಾಣಿಕರ ಹೆಸರು, ಫೋನು, ಇಳಿದುಕೊಳ್ಳುವ ವಿಳಾಸ ಎಲ್ಲವನ್ನೂ ಭದ್ರತಾ ಕಚೇರಿಗೆ ಕಳಿಸಬೇಕೆಂಬ ನಿಯಮ ಬಂದಾಗ ಉಳಿದವರು ಗೊಣಗಿದರು, ಅಕ್ಕ ಗೊಣಗಲಿಲ್ಲ. ಮೊದಲೇ ಯಾರಾದರೂ ಹೀಗೆ ನೋಡಿದ್ದರೆ ತಮ್ಮ ಉಳಿಯುತ್ತಿದ್ದ ಎಂದು ಅವಳು ನಂಬಿದ್ದಳು.

ಒಂದು ಬೆಳಗ್ಗೆ ದರ್ಜಿ ಕೆಲಸದ ಹೆಂಗಸೊಬ್ಬಳು ಪುಟ್ಟ ಮಗಳ ಕೈ ಹಿಡಿದು ಬಂದಳು. ವಿಳಾಸ ಹೇಳಲು ಹಿಂದೆಮುಂದೆ ನೋಡಿದಳು. ಗಂಡನ ಹೊಡೆತ ತಾಳಲಾರದೆ ಹೊರಟಿದ್ದೇನೆ, ಅವನಿಗೆ ಸುಳಿವು ಸಿಗಬಾರದು ಎಂದು ದನಿ ತಗ್ಗಿಸಿ ಹೇಳಿಕೊಂಡಳು.

"ಇದು ಭದ್ರತೆಯವರಿಗೆ ಬಿಟ್ಟು ಇನ್ಯಾರಿಗೂ ಹೋಗಲ್ಲಮ್ಮ. ಧೈರ್ಯವಾಗಿ ಹೇಳಿ," ಎಂದಳು ಅಕ್ಕ.

ಆ ಕಚೇರಿಯಲ್ಲೇ ಗಂಡನ ಗೆಳೆಯನೊಬ್ಬನಿದ್ದ. ಅವನಿಂದ ವಿಳಾಸ ತಿಳಿದು ಸ್ವಲ್ಪ ದಿನದಲ್ಲೇ ಗಂಡ ಆ ಮನೆಯ ಬಾಗಿಲು ತಟ್ಟಿದ. ಜಗಳದಲ್ಲಿ ಮಗಳು ಅಮ್ಮನಿಗೆ ಅಡ್ಡ ಬಂದಳು. ಮೆಟ್ಟಿಲಿನಿಂದ ಉರುಳಿಬಿದ್ದ ಮಗು ಮತ್ತೆ ಕಣ್ಣು ತೆರೆಯಲಿಲ್ಲ.

ವಿಚಾರಣೆಗೆ ಬಂದ ಪೊಲೀಸರಿಂದ ವಿಷಯ ತಿಳಿದ ಅಕ್ಕ ರಜೆ ಹಾಕಿ ದರ್ಜಿಯ ಮನೆಗೆ ಹೋದಳು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅವಳು ಬೈಯಲಿಲ್ಲ, ಅಳಲೂ ಇಲ್ಲ.

"ಸುಳ್ಳು ವಿಳಾಸ ಕೊಡೋಣ ಅಂತಿದ್ದೆ. ನಿಮ್ಮ ಮುಖ ನೋಡಿ ನಿಜ ಹೇಳ್ಬಿಟ್ಟೆ," ಎಂದಷ್ಟೇ ಹೇಳಿದಳು.

ಭದ್ರತಾ ಕಚೇರಿಯಲ್ಲಿ ಯಾರು ಯಾರ ವಿವರ ತೆಗೆದು ನೋಡಿದರೂ ಕೇಳುವವರಿಲ್ಲ ಎಂದು ಅಕ್ಕ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದಳು. ಭದ್ರತೆಯವರ ವಿರುದ್ಧವೇ ಮಗಳು ಮಾತಾಡಿದ್ದನ್ನು ಅಕ್ಕನ ಅಮ್ಮನಿಗೆ ಸಹಿಸಲಾಗಲಿಲ್ಲ.

"ತಮ್ಮನನ್ನ ಮರೆತುಬಿಟ್ಯಾ?"

"ಮರೀತೀನೇನಮ್ಮ? ಅವನ ಹಾಗೆ ಇನ್ಯಾರೂ ಸಾಯಬಾರದು ಅಂತಾನೇ ಎಲ್ಲರ ವಿಳಾಸ ಕೇಳ್ತಿದ್ದೆ. ಆ ಮಗೂನೂ ಸಾಯಬಾರದಿತ್ತು."

ಗಂಡ ಜೈಲು ಸೇರಿದ, ಗೆಳೆಯನ ಕೆಲಸ ಹೋಯಿತು. ನಿಯಮ ಹಾಗೆಯೇ ಉಳಿಯಿತು. ಅಕ್ಕ ತಾನಾಗಿ ಕೇಳಿಕೊಂಡು ಸಾಮಾನು ಸಾಗಿಸುವ ವಿಭಾಗಕ್ಕೆ ಹೋದಳು. ಮನೆಯಲ್ಲಿ ಅಮ್ಮ ಊಟ ಬಡಿಸುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ.

ಮುಂದೊಂದು ದಿನ ದರ್ಜಿ ಫೋನು ಮಾಡಿ, ಬೇರೆ ಊರಿಗೆ ಹೊರಟಿದ್ದೇನೆ, ಬರುತ್ತೇನಕ್ಕ ಎಂದಳು. ಎಲ್ಲಿಗೆ ಎಂದು ಅಕ್ಕ ಕೇಳಲಿಲ್ಲ.