ಗಂಗೆದೊಗಲಿನ ಕೆಳಗಿನ ಸುಳಿ

ಆಗೆಲ್ಲ ನಮ್ಮ ಅಫಜಲಪುರದ ಕಡೆ ಎತ್ತು ಕೊಳ್ಳಲು ಬಂದವರು ಮೊದಲು ಬಾಯಿ ನೋಡುತ್ತಿದ್ದರು, ಆಮೇಲೆ ಗೊರಸು, ಕೊನೆಗೆ ಸುಳಿ. ಹಲ್ಲಿನಿಂದ ವಯಸ್ಸು, ಗೊರಸಿನಿಂದ ನಡಿಗೆ. ಕೂದಲು ಸುತ್ತಿಕೊಂಡ ಜಾಗ ನೋಡಿ, ಎತ್ತು ಮನೆಗೆ ಆಗಿಬರುತ್ತದೋ ಇಲ್ಲವೋ ಹೇಳುತ್ತಿದ್ದರು. ಶಾಲೆಗೆ ಹೋಗುವ ಮೊದಲೇ ನನ್ನಜ್ಜ, ನಮ್ಮ ಕಡೆಯ ಮಾತಿನಲ್ಲಿ ಮುತ್ಯಾ, ನನಗೆ ಇದನ್ನು ಕಲಿಸಿದ್ದ.

ಕೆಂಚ್ಯಾ ನಮ್ಮ ಮನೆಯಲ್ಲೇ ಹುಟ್ಟಿದ ಎತ್ತು. ಅವನ ಪಕ್ಕೆಲುಬುಗಳನ್ನು ಬೆರಳಿನಿಂದ ಎಣಿಸುತ್ತಿದ್ದೆ. ಭುಜದ ಹತ್ತಿರ ಅವು ಮಾಂಸದೊಳಗೆ ಅಡಗಿಬಿಡುತ್ತಿದ್ದವು, ಎಣಿಕೆ ಎಂದೂ ಮುಗಿಯಲಿಲ್ಲ. ಬೆನ್ನ ಮೇಲೆ ಡುಬ್ಬದಂತೆ ಎದ್ದ ಇಣಿಗೆ ಕೆನ್ನೆ ಒತ್ತಿದರೆ ಬಿಸಿಲಿನ, ಸಗಣಿಯ, ಜೋಳದ ಕಣಕಿ ಮೇವಿನ ವಾಸನೆ. ಕೊರಳ ಕೆಳಗೆ ಜೋಲುವ ಗಂಗೆದೊಗಲನ್ನು ತುರಿಸಿದರೆ ಕತ್ತು ಚಾಚಿ ಕಣ್ಣು ಮುಚ್ಚುತ್ತಿದ್ದ. ಅದರ ಮಡಿಕೆಯ ಒಳಗೆ ಒಮ್ಮೆ ಎಂಟಾಣೆಯಷ್ಟಗಲದ ಸುಳಿಯೊಂದು ಬೆರಳಿಗೆ ಸಿಕ್ಕಿತು. ಅಂಥ ಜಾಗದ ಸುಳಿ ಕೆಟ್ಟದ್ದೆಂದು ಮುತ್ಯಾ ಬೇರೆಯವರ ಎತ್ತು ತೋರಿಸಿ ಹೇಳಿದ್ದ. ನಾನು ಯಾರಿಗೂ ಹೇಳಲಿಲ್ಲ.

ಮೂರನೆಯ ಇಯತ್ತೆಯ ಬೇಸಿಗೆ ರಜೆ. ಕೆಂಚ್ಯಾನ ಜೋಡಿ ಹಿಂದಿನ ವರ್ಷ ಸತ್ತಿತ್ತು. ಒಂಟಿ ಎತ್ತಿಗೆ ಮನೆಯಲ್ಲಿ ಕೆಲಸವಿರಲಿಲ್ಲ. ಕರಜಗಿಯ ಕಲ್ಲಪ್ಪ ತನ್ನ ಎತ್ತಿಗೆ ಜೋಡಿ ಹುಡುಕುತ್ತಾ ಬಂದ. ಕೆಂಚ್ಯಾನ ಕೆಳದುಟಿ ಇಳಿಸಿ, "ಎಂಟೂ ಬಂದಾವ," ಎಂದ.

ಅವನು ಕೆಳಗಿನ ಹಲ್ಲಷ್ಟೇ ನೋಡಿದ್ದ. ಮುತ್ಯಾನೂ ಯಾವಾಗಲೂ ಅಷ್ಟೇ ನೋಡುತ್ತಿದ್ದ. ನಾನು ಒಂದು ದಿನ ಮೇಲ್ದುಟಿ ಎತ್ತಿ ನೋಡಿ ಗಾಬರಿಯಾಗಿದ್ದೆ. ಈಗ ಕೆಂಚ್ಯಾನನ್ನು ಉಳಿಸಿಕೊಳ್ಳಲು ಅದೇ ನನ್ನ ಆಸರೆಯಾಯಿತು.

"ಮ್ಯಾಲಿನ ಹಲ್ಲು ನೋಡ್ರಿ ಕಾಕಾ. ಒಂದೂ ಇಲ್ಲ."

"ಹೌದಲ್ಲ ತಂಗಿ. ನಿಮ್ಮ ಆಕಳಿಗರೆ ಅದಾವೇನು?"

"ನೋಡಿಲ್ರಿ."

"ಹೋಗಿ ನೋಡ್ಬಾ. ಊರಾಗಿನ ಎಮ್ಮಿ, ಆಡು ಎಲ್ಲಾ ನೋಡ್ಬಾ. ಒಂದಕ್ಕರೆ ಮ್ಯಾಲ ಮುಂದಿನ ಹಲ್ಲು ಇದ್ರ ಇವನ್ನ ಬಿಟ್ಟು ಅದನ್ನೇ ಹೊಡಕೊಂಡು ಹೋಗ್ತೇನಿ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. "ದನದ ಡಾಕ್ಟರು ಮನ್ಯಾಗೇ ಹುಟ್ಯಾಳ ನೋಡ್ರಿ," ಎಂದರು ಯಾರೋ. ನನ್ನಜ್ಜಿ, ಆಯಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮುತ್ಯಾ ಮಾತ್ರ ನಗಲಿಲ್ಲ. "ಮತ್ತೇನರೆ ಹೇಳೋದದ ಏನ್ ಬೇ?" ಎಂದು ಕೇಳಿದ.

ಸುಳಿಯ ಮಾತು ಗಂಟಲವರೆಗೆ ಬಂದಿತ್ತು. ಇನ್ನೊಮ್ಮೆ ನಗುತ್ತಾರೆಂದು ತಲೆಯಲ್ಲಾಡಿಸಿ ಇಲ್ಲವೆಂದೆ.

ಕಲ್ಲಪ್ಪ ಹಣೆ ನೋಡಿದ, ಬೆನ್ನು ನೋಡಿದ, ಬಾಲದ ಬುಡ ನೋಡಿದ. ಗಂಗೆದೊಗಲನ್ನು ಎತ್ತಲಿಲ್ಲ. ಟವೆಲ್ಲಿನ ಕೆಳಗೆ ಅವನೂ ಮುತ್ಯಾನೂ ಬೆರಳು ಹಿಡಿದು ಬೆಲೆ ಮಾತಾಡಿಕೊಂಡರು. ಟವೆಲ್ ಕೊಡವಿದಾಗ ವ್ಯಾಪಾರ ಮುಗಿದಿತ್ತು.

ಸಂಜೆ ಆಯಿ ಕೊಟ್ಟ ರೊಟ್ಟಿ, ಪುಂಡಿಪಲ್ಯ ಕೈಯಲ್ಲೇ ಆರಿತು. ಕೆಂಚ್ಯಾ ಮೇವು ತಿನ್ನುತ್ತಿದ್ದ ಗ್ವಾದಲಿ ಖಾಲಿಯಿತ್ತು, ಮುತ್ಯಾ ಅದರ ಪಕ್ಕ ಕೂತಿದ್ದ.

"ಕೊರಳ ಕೆಳಗಿನ ಸುಳಿ ಯಾಕ ಹೇಳಲಿಲ್ಲ?"

"ನಿನಗ ಗೊತ್ತಿತ್ತೇನ್ ಮುತ್ಯಾ?"

"ಹುಟ್ಟಿದ ದಿನಾನೇ ನೋಡೇನಿ. ಮಾರತೇನಂತ ಮಂದಿ ಮುಂದ ಮಾತು ಕೊಟ್ಟಾವ ನಾ. ನಾ ಹ್ಯಾಂಗ ಹೇಳ್ಲಿ? ದಿನಾ ಅಲ್ಲೇ ತುರಸಾಕಿ ನೀ, ಹೇಳ್ತಿ ಅಂತ ಕಾಯಾಕತ್ತಿದ್ದೆ."

ಮುತ್ಯಾ ತೀರಿಕೊಂಡು ಬಹಳ ದಿನಗಳಾದವು. ನಾನು ದೊಡ್ಡವಳಾಗಿ ಗುಲಬರ್ಗಾದಲ್ಲಿ ಪ್ರಾಣಿಶಾಸ್ತ್ರ ಓದುವಾಗ, ನಮ್ಮ ವಿಭಾಗದ ಮೂಲೆಯಲ್ಲಿ ತಂತಿಯಿಂದ ಕಟ್ಟಿ ನಿಲ್ಲಿಸಿದ ಎತ್ತಿನ ಅಸ್ಥಿಪಂಜರವಿತ್ತು. ಪಕ್ಕೆಲುಬು ಬದಿಗೆ ಹದಿಮೂರು. ನನ್ನ ಎಣಿಕೆ ಕೊನೆಗೂ ಮುಗಿಯಿತು. ಮೇಲ್ದವಡೆಯ ಮುಂಭಾಗ ಖಾಲಿ, ಕಲ್ಲಪ್ಪ ಹೇಳಿದಂತೆಯೇ. ಆದರೆ ಕೆನ್ನೆ ಒತ್ತಲು ಇಣಿಯಿರಲಿಲ್ಲ, ಅದು ಬರೀ ಮಾಂಸ. ಗಂಗೆದೊಗಲೂ ಇರಲಿಲ್ಲ, ಅದು ಬರೀ ಚರ್ಮ. ನಾನು ಬಲ್ಲ ಕೆಂಚ್ಯಾ ಇದ್ದದ್ದೆಲ್ಲ ಎಲುಬಿಲ್ಲದ ಜಾಗಗಳಲ್ಲೇ.

ಯಾರೂ ಇಲ್ಲದಾಗ ಒಮ್ಮೆ, ಆ ಕತ್ತಿನ ಎಲುಬುಗಳ ಕೆಳಗಿನ ಖಾಲಿಯಲ್ಲಿ ಬೆರಳಾಡಿಸಿದ್ದೇನೆ.