ಸೂಜಿ ಡಾಕ್ಟರಿಗೆ ನಾನು ಹೇಳಿದ ಸುಳ್ಳು

ಮೈಗೆ ಹದಿಮೂರು ಸೂಜಿ ಚುಚ್ಚಿಸಿಕೊಂಡು ಅಂಗಾತ ಮಲಗಿದವರು ಸುಳ್ಳು ಹೇಳುವುದಿಲ್ಲ ಎಂದು ನೀವು ತಿಳಿದಿದ್ದರೆ ಅದು ತಪ್ಪು. ನಾನು ಹೇಳಿದ್ದೇನೆ. ಶಿರಸಿಯಲ್ಲಿ, ಒಂದು ಗುರುವಾರ, ಹಾಡುಹಗಲು ಹನ್ನೊಂದು ಗಂಟೆಗೆ, ನನಗೆ ಯಾವ ಕೇಡನ್ನೂ ಮಾಡದ ಒಬ್ಬ ಡಾಕ್ಟರಿಗೆ ಹೇಳಿದೆ. ಸ್ವಂತ ಲಾಭಕ್ಕೆ ಹೇಳಿದ ಸುಳ್ಳಾಗಿದ್ದರೆ ಇಷ್ಟು ಹೊತ್ತಿಗೆ ಮರೆತೇಹೋಗುತ್ತಿತ್ತು. ಉಪಕಾರವಾಗಲೆಂದು ಹೇಳಿದ್ದು; ಅದಕ್ಕೇ ಇನ್ನೂ ನೆನಪಿದೆ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಸಿದ್ದಾಪುರದ ಒಂದು ಸರಕಾರಿ ಕಚೇರಿಯಲ್ಲಿ ಬೆರಳಚ್ಚುಗಾರ್ತಿ. ಹುದ್ದೆಯ ಹೆಸರಿನಲ್ಲೇ ಬೆರಳಿದೆ. ರೋಗ ಬಂದದ್ದೂ ಬೆರಳಿಗೇ. ಬೆಳಿಗ್ಗೆ ಏಳುವಾಗ ಗೆಣ್ಣುಗಳು ಕೆಂಪಗೆ ಊದಿಕೊಂಡಿರುತ್ತಿದ್ದವು. ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ, ಹೇಗೋ ಕಟ್ಟಿದರೆ ಬಿಚ್ಚಲು ಬರುತ್ತಿರಲಿಲ್ಲ. ಹಳೆಯ ಕನ್ನಡ ಟೈಪ್‌ರೈಟರಿನ ಕೀಲಿಗಳೋ, ಒಂದೊಂದೂ ಒನಕೆ ಎತ್ತಿ ಕುಟ್ಟಿದಷ್ಟು ಭಾರ. ಒತ್ತಕ್ಷರವೆಂದರೆ ನನಗೆ ಜೀವ ಹೋಗುತ್ತಿತ್ತು. ಸಾಹೇಬರು ಬರೆದುಕೊಟ್ಟ ಕರಡಿನಲ್ಲಿ ‘ಅತ್ಯಂತ ಅಗತ್ಯವಾಗಿದ್ದರಿಂದ’ ಎಂದಿದ್ದರೆ ನಾನು ಮೆತ್ತಗೆ ‘ಬೇಕಾದುದರಿಂದ’ ಎಂದು ಹೊಡೆದುಬಿಡುತ್ತಿದ್ದೆ. ಒಂದು ದಿನ ಸಾಹೇಬರು, “ಇತ್ತೀಚೆಗೆ ನಮ್ಮ ಪತ್ರಗಳ ಭಾಷೆ ಬಹಳ ಸರಳವಾಗಿದೆ” ಎಂದು ಎಲ್ಲರೆದುರು ಹೊಗಳಿದರು. ನೋವಿನಿಂದ ಭಾಷಾ ಸುಧಾರಣೆ ಮಾಡಿದವಳು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಮನೆಯಲ್ಲಿ ಜಡೆ ಹಾಕುವ ಕೆಲಸ ಯಜಮಾನರ ಪಾಲಿಗೆ ಬಂತು. ಅವರು ಪ್ರಾಥಮಿಕ ಶಾಲೆಯ ಮಾಸ್ತರರು. ಹೆಣ್ಣಿನ ಕೂದಲನ್ನು ಮೂರು ಕಾಲಾಗಿ ಸೀಳುವುದು ಅವರಿಗೆ ತಿಳಿಯದು. ತಿಳಿದಿದ್ದು ಎಮ್ಮೆ ಕಟ್ಟುವ ಕಣ್ಣಿ ಹೊಸೆಯುವುದು ಮಾತ್ರ. ಅದೇ ವಿದ್ಯೆಯನ್ನು ನನ್ನ ತಲೆಯ ಮೇಲೆ ಪ್ರಯೋಗಿಸಿದರು. ಎರಡು ವರ್ಷ ನಾನು ಯಾವ ಎಮ್ಮೆಯೂ ಬಿಚ್ಚಲಾರದ ಜಡೆ ಹೊತ್ತು ಕಚೇರಿಗೆ ಹೋಗಿದ್ದೇನೆ.

ಹುಬ್ಬಳ್ಳಿಯ ದೊಡ್ಡ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಸಂಧಿವಾತವೆಂದರು. ಮೈ ಕಾಯಬೇಕಾದ ಪಹರೆಯವರೇ ಮನೆಯವರನ್ನು ಕಳ್ಳರೆಂದು ತಿಳಿದು ಬಡಿಯುವ ರೋಗವಂತೆ. ಗುಳಿಗೆ ಬರೆದುಕೊಟ್ಟು, ವರ್ಷಗಟ್ಟಲೆ ತಪ್ಪದೆ ತೆಗೆದುಕೊಳ್ಳಬೇಕೆಂದರು. ಗುಳಿಗೆಯಿಂದ ಊತ ಇಳಿಯಿತು, ನೋವು ಮಾತ್ರ ಪೂರ್ತಿ ಬಿಡಲಿಲ್ಲ. ಉಳಿದ ನೋವಿಗೆ ಊರಿನವರೇ ವೈದ್ಯರು. ಒಬ್ಬರು ಲಕ್ಕಿ ಸೊಪ್ಪಿನ ಶಾಖ ಎಂದರು, ಒಬ್ಬರು ಚಗಳಿ ಇರುವೆಯ ಚಟ್ನಿ ಎಂದರು. ಚಟ್ನಿಯನ್ನು ನಾನು ತಿನ್ನಲಿಲ್ಲ. ಆ ಇರುವೆಗಳು ಬದುಕಿರುವಾಗಲೇ ಸಾಕಷ್ಟು ಕಚ್ಚಿದ್ದವು.

ಆಗ ಹೇರೂರಿನಿಂದ ನಮ್ಮ ಸರಸತ್ತಿಗೆ ಬಂದರು. ಯಜಮಾನರ ಅಕ್ಕ. ಅವರು ಬಂದು ಹೋದ ಮನೆಯಲ್ಲಿ ಒಂದಾದರೂ ಬದಲಾವಣೆ ಆಗಿಯೇ ಆಗುತ್ತದೆ: ಒಲೆಯ ದಿಕ್ಕು ತಿರುಗುತ್ತದೆ, ಇಲ್ಲವೇ ಯಾರದಾದರೂ ಮದುವೆ ನಿಶ್ಚಯವಾಗುತ್ತದೆ. ಈ ಸಲ ಸರದಿ ನನ್ನದು.

“ಶಿರಸಿಲಿ ಹೊಸಾ ಡಾಕ್ಟ್ರು ಬಂಜ್ರು. ಸೂಜಿ ಚುಚ್ತ್ರು. ಔಷಧ ಇಲ್ಲೆ, ಪಥ್ಯ ಇಲ್ಲೆ. ನನ್ನ ಸೊಂಟ ಹ್ಯಾಂಗಿತ್ತು, ಈಗ ಹ್ಯಾಂಗಿದ್ದು ನೋಡು” ಎಂದು ಅತ್ತಿಗೆ ನಡುಮನೆಯಲ್ಲಿ ಬಗ್ಗಿ ನೆಲ ಮುಟ್ಟಿ ತೋರಿಸಿದರು.

“ಸೂಜಿಲಿ ಔಷಧ ಇಲ್ದೇ ಹೋದ್ರೆ ಗುಣ ಆಪುದು ಹ್ಯಾಂಗೆ ಅತ್ತಿಗೆ?”

“ಅದೆಲ್ಲ ನಂಗೆ ಗೊತ್ತಿಲ್ಲೆ. ಬೆಳಿಗ್ಗೆ ಬಸ್ಸಿಗೆ ತಯಾರಾಗು.”

ಹೀಗೆ ನಾವು ಶಿರಸಿಗೆ ಹೋದೆವು. ಚೀನಾದವರ ಅಕ್ಯುಪಂಕ್ಚರ್ ವಿದ್ಯೆ ಕಲಿತು ಬಂದ ಡಾಕ್ಟರು ಹಾವೇರಿ ಕಡೆಯವರು, ಮೂವತ್ತು ದಾಟಿರಲಿಲ್ಲ. ಸಣಕಲು ಮೈ, ಅಂಗಿಯ ಕಿಸೆಯಲ್ಲಿ ಎರಡು ಪೆನ್ನು. ನಮ್ಮನ್ನು ಕಂಡೊಡನೆ ಎದ್ದು ನಿಂತು, “ಬರ್ರಿ, ಬರ್ರಿ, ಕುಂದರ್ರಿ” ಎಂದರು. ಎದ್ದು ನಿಲ್ಲುವ ಡಾಕ್ಟರನ್ನು ನಾನು ಅದುವರೆಗೆ ನೋಡಿರಲಿಲ್ಲ. ಅರ್ಧ ಭಯ ಅಲ್ಲೇ ಹೋಯಿತು. ಉಳಿದರ್ಧವನ್ನು ಗೋಡೆಯ ಪಟ ಕಾಪಾಡಿತು. ಅದರಲ್ಲಿ ಬಟ್ಟೆಯಿಲ್ಲದ ಒಬ್ಬ ಬೋಳುತಲೆಯ ಗಂಡಸು ಕೈಚಾಚಿ ನಿಂತಿದ್ದ, ನೆತ್ತಿಯಿಂದ ಅಂಗಾಲಿನವರೆಗೆ ಮೈತುಂಬ ಚುಕ್ಕೆ.

“ಪಾಪ, ಇವಂಗೆ ಎಂತ ಆಜು? ಸಿಡುಬಾ?” ಎಂದರು, ಸೊಂಟಕ್ಕೆಂದು ಮಕಾಡೆ ಮಲಗಿದ್ದಾಗ ಅದನ್ನು ನೋಡಿರದ ಅತ್ತಿಗೆ.

“ಇಲ್ರೀ, ಅವು ಸೂಜಿ ಹಾಕೋ ಜಾಗಾರಿ” ಎಂದು ಡಾಕ್ಟರು ನಾಚಿಕೊಂಡರು, ಆ ಮನುಷ್ಯ ತಮ್ಮ ನೆಂಟನೋ ಎಂಬಂತೆ.

ನನ್ನ ನೋವು ಕೈಯಲ್ಲಿ. ಅವರು ಮೊದಲ ಸೂಜಿ ಹಾಕಿದ್ದು ಪಾದಕ್ಕೆ, ಎರಡನೆಯದು ಕಿವಿಗೆ. ಗಾಬರಿಯಿಂದ ಕಾರಣ ಕೇಳಿದೆ. “ದೀಪ ಅಲ್ಲಿದ್ರೂ ಸ್ವಿಚ್ ಬಾಗಲ ಹತ್ರ ಇರ್ತೈತಲ್ರಿ, ಹಂಗ” ಎಂದರು. ಶಿರಸಿಯಲ್ಲಿ ಆಗ ಸ್ವಿಚ್ ಹಾಕಿದರೂ ದೀಪ ಹತ್ತದ ದಿನಗಳೇ ಹೆಚ್ಚು ಎಂಬುದು ನೆನಪಾಯಿತು. ಸೂಜಿ ಕೂದಲಿನಷ್ಟು ತೆಳು, ನೋವೇನೂ ಇಲ್ಲ. ಇರುವೆ ಕಚ್ಚಲೋ ಬೇಡವೋ ಎಂದು ಯೋಚಿಸಿ ಬಿಟ್ಟುಹೋದ ಹಾಗೆ. ಕಷ್ಟವೆಂದರೆ ಅಲುಗಾಡದೆ ಇಪ್ಪತ್ತೈದು ನಿಮಿಷ ಮಲಗಿರುವುದು. ಮೊದಲ ದಿನವೇ ಒಂದು ನೊಣ ಬಂದು ಮೂಗಿನ ತುದಿಯಲ್ಲಿ ಕುಳಿತಿತು. ಎರಡೂ ಕೈಯಲ್ಲಿ ಸೂಜಿ. ಊದಿದೆ, ಹೋಗಲಿಲ್ಲ. ಸಂಕಟ ನೋಡಲಾರದೆ ಅತ್ತಿಗೆ ಪೇಪರು ಸುತ್ತಿ ಎತ್ತಿದರು. ಡಾಕ್ಟರು ಓಡಿಬಂದು ಅವರ ಕೈ ಹಿಡಿಯದಿದ್ದರೆ ಹದಿನಾಲ್ಕನೆಯ ಚಿಕಿತ್ಸೆಯೂ ಆಗಿಹೋಗುತ್ತಿತ್ತು.

ಮೂರನೆಯ ಸಲ ಹೋದಾಗ ಆ ಸುಳ್ಳು ಹುಟ್ಟಿತು. ಡಾಕ್ಟರು ಸೂಜಿಯೆಲ್ಲ ಹಾಕಿ, ನೋಟುಬುಕ್ ತೆರೆದು, ಪೆನ್ನಿನ ಟೊಪ್ಪಿಗೆ ತೆಗೆದು ಕೇಳಿದರು: “ಹೆಂಗೈತ್ರಿ ಅಕ್ಕಾರ? ಏನರ ಕಡಿಮಿ ಅನಸ್ತೇನ್ರಿ?”

ಕೇಳಿದ್ದು ಹೆಚ್ಚಲ್ಲ. ಆದರೆ ಆ ಮುಖ! ಪರೀಕ್ಷೆಯ ಫಲಿತಾಂಶದ ಹಲಗೆಯ ಮುಂದೆ ನಿಂತವರ ಮುಖ. ಊರಿಗೆ ಹೊಸಬರು, ಹೊರಗಿನ ಬೆಂಚಿನಲ್ಲಿ ಇಬ್ಬರೇ ರೋಗಿಗಳು, ಅವರಲ್ಲೊಬ್ಬರು ಬಸ್ಸಿಗೆ ಕಾಯಲು ಕುಳಿತವರು. ನನ್ನ ಬಾಯಿಂದ ಬಂದೇಬಿಟ್ಟಿತು: “ಅರ್ಧಕ್ಕರ್ಧ ಕಡಿಮೆಯಾಗಿದೆ ಡಾಕ್ಟ್ರೇ.”

ನನ್ನನ್ನು ಬೈಯುವ ಮೊದಲು ನಮ್ಮ ಸೀಮೆಯ ದಾಕ್ಷಿಣ್ಯವನ್ನು ನೀವು ಸ್ವಲ್ಪ ತಿಳಿಯಬೇಕು. ಇಲ್ಲಿ ದಾರಿಯಲ್ಲಿ ಸಿಕ್ಕವರು ಮೊದಲು ಕೇಳುವುದು “ಆರಾಮಾ?” ಎಂದು. ಅದಕ್ಕೆ ಉತ್ತರ ಒಂದೇ, “ಆರಾಮು.” ಕಾಲಿಗೆ ಪಟ್ಟಿ ಹಾಕಿಸಿಕೊಂಡು ಇನ್ನೊಬ್ಬರ ಹೆಗಲ ಮೇಲೆ ಬರುತ್ತಿದ್ದರೂ “ಆರಾಮು” ಎಂದ ಮೇಲೆಯೇ ಕಾಲಿನ ಸುದ್ದಿ. ಬಡಿಸಿದ ತಂಬುಳಿಗೆ ಉಪ್ಪಿಲ್ಲದಿದ್ದರೆ ಇನ್ನೊಂದು ಸೌಟು ಹಾಕಿಸಿಕೊಳ್ಳುವವರು ನಾವು. ಬೇಡವೆಂದರೆ ಬಡಿಸಿದವರಿಗೆ ಬೇಸರವಾಗುತ್ತದೆ. ಇಂಥ ಊಟದಲ್ಲಿ ಬೆಳೆದವಳು, ಹದಿಮೂರು ಸೂಜಿಯನ್ನು ಅಷ್ಟು ಅಕ್ಕರೆಯಿಂದ ಬಡಿಸಿದವರಿಗೆ ‘ರುಚಿಯಿಲ್ಲ’ ಎಂದು ಹೇಗೆ ಹೇಳಲಿ?

ಡಾಕ್ಟರು ‘ಅರ್ಧ’ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಮುಂದಿನ ವಾರ ಹೋದರೆ ಬೆಂಚು ತುಂಬಿತ್ತು. ಅತ್ತಿಗೆ ಹೇರೂರಿನಿಂದ ಯಲ್ಲಾಪುರದ ತನಕ ಇದ್ದ ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿದ್ದರು. ವಜ್ರಳ್ಳಿಯಿಂದ ಬಂದ ಒಬ್ಬ ಹೆಂಗಸು ನನ್ನ ಕೈ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದಳು. ಡಾಕ್ಟರು ಸಂಕೋಚದಿಂದಲೇ, “ಅಕ್ಕಾರ, ಇವ್ರಿಗೊಮ್ಮೆ ಮುಷ್ಟಿ ಕಟ್ಟಿ ತೋರಸ್ರಿ” ಎಂದರು. ಕಟ್ಟಿದೆ. ಬಿಚ್ಚಿದೆ. ನಕ್ಕೆ. ಕಣ್ಣಲ್ಲಿ ನೀರು ಬಂತು. “ಎಷ್ಟು ಸಂತೋಷ ಆಜು ನೋಡು ಪಾಪ” ಎಂದಳು ಆ ಹೆಂಗಸು.

ಇಲ್ಲಿಗೆ ನಿಂತಿದ್ದರೆ ಇದು ನಗೆಯ ಕಥೆ ಮಾತ್ರವಾಗುತ್ತಿತ್ತು. ಆದರೆ ಅತ್ತಿಗೆ ಒಂದು ಸಂಜೆ ನನ್ನ ಗುಳಿಗೆಯ ಡಬ್ಬ ಎತ್ತಿ ನೋಡಿ, “ಅರ್ಧ ಕಡ್ಮೆ ಆದ್ಮೇಲೆ ಈ ವಿಷ ಎಂತಕ್ಕೆ ನುಂಗ್ತೆ? ಹೊಟ್ಟೆ ಸುಡ್ತು. ಬಿಡು” ಎಂದರು. ಬಿಡಲಾರೆ ಎನ್ನಲು ಕಾರಣ ಹೇಳಬೇಕಿತ್ತು. ಕಾರಣ ಹೇಳಿದರೆ ಸುಳ್ಳು ಹೊರಬೀಳುತ್ತಿತ್ತು. ಜೊತೆಗೆ, ನಿಜ ಹೇಳಿಬಿಡುತ್ತೇನೆ, ಅಷ್ಟು ಜನ ನಂಬಿದ್ದನ್ನು ನಾನೂ ಸ್ವಲ್ಪ ನಂಬತೊಡಗಿದ್ದೆ. ಬಿಟ್ಟೆ. ಯಜಮಾನರಿಗೂ ಹೇಳಲಿಲ್ಲ.

ಮೂರು ವಾರ ಏನೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ ಹೊದಿಕೆ ಸರಿಸಲು ಹೋದರೆ ಕೈ ಏಳಲಿಲ್ಲ. ಬೆರಳಷ್ಟೇ ಅಲ್ಲ, ಮೊಣಕೈ, ಭುಜ, ಮಂಡಿ ಎಲ್ಲವೂ ಬೆಂಕಿ. ಜ್ವರ ಬೇರೆ. ಯಜಮಾನರು ನನ್ನನ್ನು ಎತ್ತಿ ಗೋಡೆಗೆ ಒರಗಿಸಿ ಕೂರಿಸಿದರು. ಹಲ್ಲುಜ್ಜಿಸಿದರು, ಒಂದನೇ ಇಯತ್ತೆಯ ಮಕ್ಕಳಿಗೆ ಹೇಳಿದ ಹಾಗೆ “ಆ ಅನ್ನು” ಎಂದು ಹೇಳಿ. ಚಹದ ಲೋಟ ಬಾಯಿಗೆ ಹಿಡಿದರು. ಆ ಲೋಟದ ಅಂಚಿನ ಮೇಲಿಂದ ಅವರ ಮುಖ ನೋಡಿದೆ. ಅಷ್ಟು ಹೆದರಿದ ಅವರನ್ನು ನಾನು ಎಂದೂ ಕಂಡಿರಲಿಲ್ಲ. ಅಳು ಬಂತು, ಒರೆಸಿಕೊಳ್ಳಲೂ ಕೈ ಬರಲಿಲ್ಲ. ಎಲ್ಲ ಹೇಳಿಬಿಟ್ಟೆ.

“ಅರ್ಧ ಕಡ್ಮೆ ಆಜು ಹೇಳಿ ಎಂತಕ್ಕೆ ಹೇಳ್ದೆ?” ಎಂದರು.

“ಡಾಕ್ಟ್ರಿಗೆ ಬೇಜಾರಾಗ್ತು ಹೇಳಿ.”

ಅವರು ನಗತೊಡಗಿದರು. ನಗುತ್ತಲೇ ತಮ್ಮ ಪಂಚೆಯ ತುದಿಯಿಂದ ನನ್ನ ಕಣ್ಣು ಒರೆಸಿದರು. “ನಂಗೆ ಬೇಜಾರಾಗ್ತು ಹೇಳಿ ಒಂದು ದಿನಾದ್ರೂ ಜಡೆ ಚೊಲೋ ಆಜು ಅಂದಿದ್ಯನೆ?” ಎಂದರು. ನಿಜ, ಅಂದಿರಲಿಲ್ಲ. ದಾಕ್ಷಿಣ್ಯವೆಲ್ಲ ಹೊರಗಿನವರಿಗೆ, ಮನೆಯವರಿಗೆ ಉಳಿಯುವುದು ಸತ್ಯ ಮಾತ್ರ.

ಹುಬ್ಬಳ್ಳಿಗೆ ಹೋಗಿ ಬೈಸಿಕೊಂಡು ಮತ್ತೆ ಗುಳಿಗೆ ಸುರುಮಾಡಿದೆ. ಓಡಾಡುವಂತಾಗಲು ತಿಂಗಳು ಹಿಡಿಯಿತು. ಓಡಾಡುವಂತಾದ ಮೊದಲ ದಿನವೇ ಯಜಮಾನರ ಜೊತೆ ಶಿರಸಿಗೆ ಹೋಗಿ ಸೂಜಿ ಡಾಕ್ಟರ ಎದುರು ಕುಳಿತು ತಪ್ಪೊಪ್ಪಿಕೊಂಡೆ. ಅವರ ಮುಖ ಸಣ್ಣದಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ, ಕೆಂಪಾಯಿತು.

“ಗುಳಿಗಿ ಬಿಟ್ರ್ಯಾ? ನಾ ಬಿಡ್ರಿ ಅಂದಿದ್ನೇನ್ರಿ? ಸೂಜಿ ಬರೇ ನೋವಿನ ಜೋಡಿ ಮಾತಾಡತೈತ್ರಿ. ರೋಗದ ಜೋಡಿ ಜಗಳಾಡಾಕ ಗುಳಿಗಿನ ಬೇಕು!”

ಆಮೇಲೆ ತಾವೇ ತಣ್ಣಗಾಗಿ, ನೋಟುಬುಕ್ಕಿನಲ್ಲಿ ನನ್ನ ಪುಟ ತೆಗೆದು, ‘ಅರ್ಧ’ವನ್ನು ಹೊಡೆದುಹಾಕಿದರು. “ತಪ್ಪು ನಂದೂ ಐತ್ರಿ ಅಕ್ಕಾರ. ಅವತ್ತ ಹೋಗೂ ಮುಂದ ನಿಮ್ಮ ಚಪ್ಪಲಿ ಪಟ್ಟಿ ನಿಮ್ಮ ಅತ್ತಿಗಿಯವ್ರು ಹಾಕಿಕೊಟ್ರು. ನಾ ನೋಡಿದ್ನಿ. ಅರ್ಧ ಕಡಿಮಿ ಆದಾಕಿಗೆ ಪಟ್ಟಿ ಹಾಕ್ಕೊಳ್ಳಾಕ ಬರಬೇಕಲಾ ಅನಿಸ್ತು. ಆದ್ರ ಇಲ್ಲಿಗೆ ಬಂದಮ್ಯಾಲೆ ಅತ್ತಿಗಿಯವ್ರನ್ನ ಬಿಟ್ರ ಮೊದಲನೇ ಸಲ ಒಬ್ರು ಕಡಿಮಿ ಅಂದಿದ್ರು. ಕೇಳಾಕ ಮನಸಾಗಲಿಲ್ರಿ.”

ಅವರನ್ನು ನೋಯಿಸಬಾರದೆಂದು ನಾನು, ಕೇಳಿ ನೋಯಬಾರದೆಂದು ಅವರು, ಇಬ್ಬರೂ ಸೇರಿ ನನ್ನನ್ನು ಹಾಸಿಗೆ ಹಿಡಿಸಿದ್ದೆವು! ಅಂದಿನಿಂದ ಅವರು ಪ್ರಶ್ನೆ ಬದಲಿಸಿದರು. ಕಡಿಮೆಯೋ ಹೆಚ್ಚೋ ಕೇಳುವುದಿಲ್ಲ, “ಈ ವಾರ ಏನು ಮಾಡಾಕ ಬಂತು, ಏನು ಬರಲಿಲ್ಲ?” ಎಂದು ಕೇಳುತ್ತಾರೆ. ನಲ್ಲಿ ತಿರುಗಿಸಿದೆ, ತೆಂಗಿನಕಾಯಿ ಹೆರೆಯಲಾಗಲಿಲ್ಲ, ಸೀರೆಯ ಪಿನ್ನು ಹಾಕಿದೆ. ಇಂಥದಕ್ಕೆ ಸುಳ್ಳು ಹೇಳಲು ದಾಕ್ಷಿಣ್ಯಕ್ಕೂ ಜಾಗವಿಲ್ಲ.

ಸೂಜಿಯಿಂದ ಉಪಯೋಗವಾಯಿತೇ ಎಂದು ನೀವು ಕೇಳಿಯೇ ಕೇಳುತ್ತೀರಿ. ಚುಚ್ಚಿಸಿಕೊಂಡ ಎರಡು ದಿನ ಮಣಿಕಟ್ಟು ಸಡಿಲವಾಗುವುದುಂಟು, ಆಗದಿರುವುದೂ ಉಂಟು. ಆದರೆ ಸಂಸಾರಸ್ಥ ಹೆಂಗಸಿಗೆ ಇಪ್ಪತ್ತೈದು ನಿಮಿಷ ಯಾರೂ ಏನೂ ಕೇಳದಂತೆ ಮಲಗಲು ಸಿಗುವುದು ಸೂಜಿಯ ಕೆಳಗೆ ಮಾತ್ರ. ಅದು ಚೀನಾದವರ ವಿದ್ಯೆಯ ಗುಣವೋ ಮಲಗಿದ್ದರ ಗುಣವೋ, ಬೇರ್ಪಡಿಸಿ ನೋಡಲು ನನಗೆ ಬಂದಿಲ್ಲ. ಎರಡು ಸಾವಿರದ ಈಚೆಗೆ ಕಚೇರಿಗೆ ಕಂಪ್ಯೂಟರ್ ಬಂತು. ಅದರ ಕೀಲಿ ಉಸಿರು ಬಿಟ್ಟರೆ ಒತ್ತಿಕೊಳ್ಳುತ್ತದೆ. ‘ಅತ್ಯಂತ ಅಗತ್ಯವಾಗಿದ್ದರಿಂದ’ ಮರಳಿ ಬಂತು. ಹೊಸ ಸಾಹೇಬರು ಪತ್ರಗಳು ತೀರಾ ಉದ್ದವಾದವೆಂದು ಗೊಣಗಿದರು.

ಆ ಕಾಲದಲ್ಲೇ ಒಂದು ದಿನ ಸರದಿಗಾಗಿ ಬೆಂಚಿನ ಮೇಲೆ ಕುಳಿತಿದ್ದೆ. ಕ್ಲಿನಿಕ್ಕು ಇರುವುದು ಮಾಳಿಗೆಯ ಮೇಲೆ ಎಂದು ಹೇಳಲು ಮರೆತೆ; ಮಂಡಿನೋವಿನವರು ಹದಿನೆಂಟು ಮೆಟ್ಟಿಲು ಹತ್ತಿ ಬರಬೇಕು. ಒಳಗಿನಿಂದ ಚಂದಗುಳಿ ಕಡೆಯ ಒಬ್ಬ ಅಜ್ಜನ ದನಿ ಕೇಳಿತು: “ಪೂರಾ ಗುಣ ಆಯ್ತು ಡಾಕ್ಟ್ರೇ, ಓಡೂದೊಂದು ಬಾಕಿ!” ನಗುನಗುತ್ತಾ ಹೊರಗೆ ಬಂದ ಅಜ್ಜ ಬಾಗಿಲು ಮರೆಯಾದ ಮೇಲೆ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರಿ, ಹಲ್ಲು ಕಚ್ಚಿ ಇಳಿಯತೊಡಗಿದ. ನಾನು ಹಿಂದೆಯೇ ಹೋದೆ.

“ಅಜ್ಜಾ, ಒಳಗೆ ಹೇಳಿದ್ದು ನಿಜವಾ?”

ಅವನು ಸುತ್ತ ನೋಡಿ ದನಿ ತಗ್ಗಿಸಿದ. “ಎಂತ ಹೇಳೂದು ತಂಗಿ? ಅಷ್ಟು ಪ್ರೀತಿಲಿ ಚುಚ್ತಾರೆ. ಇಲ್ಲ ಅಂದ್ರೆ ನೊಂದ್ಕೊಳ್ತಾರೆ.”

“ಗುಳಿಗೆ ಗಿಳಿಗೆ ಬಿಟ್ಟಿದ್ದೀರಾ?”

ಅಜ್ಜ ಕಂಬಿಯ ಕಡೆ ತಿರುಗಿ ಮುಂದಿನ ಮೆಟ್ಟಿಲಿಗೆ ಕಾಲು ಚಾಚಿದ. ನಾನು ಅವನ ತೋಳು ಹಿಡಿದೆ. ಅವನು ನನ್ನ ಮಣಿಕಟ್ಟು ಹಿಡಿಯಲು ಬಂದ, ಅಲ್ಲಿ ಬೇಡವೆಂದು ಭುಜ ತೋರಿಸಿದೆ. ಇಳಿದ ಏಳು ಮೆಟ್ಟಿಲನ್ನು ಮತ್ತೆ ಹತ್ತಿದೆವು. ಯಾರು ಯಾರನ್ನು ಎತ್ತಿದರೆಂದು ಇಬ್ಬರಿಗೂ ಗೊತ್ತಿಲ್ಲ. ಬಾಗಿಲು ನೂಕಿದಾಗ ಡಾಕ್ಟರು ನೋಟುಬುಕ್ಕಿನಲ್ಲಿ ಏನೋ ಬರೆಯುತ್ತಿದ್ದರು.

“ಡಾಕ್ಟ್ರೇ, ಪೆನ್ನು ಮುಚ್ಚಬೇಡಿ” ಎಂದೆ. “ಇವರದ್ದೊಂದು ತಿದ್ದುಪಡಿ ಇದೆ.”